ಮಡ್ಡಿಪ್ಯಾಟಿ ಬಿಟ್ಟದ್ದು ನೀರಿಲ್ಲಂತ ಅಲ್ಲ

…ಅಲ್ಲಲ್ಲ, ಆ ಕಡೀ ಸಾಲು ಇನ್ನೊಮ್ಮೆ ಓದು ಪೂರ್ವಿ. ತೆಲುಗಿನಾಗ ಬ್ಯಾಡ, ನನಗ ತಿಳೀತೈತಿ ಖರೇ, ಆದ್ರ ಸಿಟ್ಟು ಬರೋ ಮಾತನ್ನ ನಾನು ಕನ್ನಡದಾಗ ಕೇಳಬೇಕು. ಹಾಂ. "ನೀರಿನ ಅಭಾವದಿಂದ ಜನರು ಈ ಊರನ್ನು ತೊರೆದರು." ಇದನ್ನ ನಿನಗ ಅಮೀರ್‌ಪೇಟ್ ಕೋಚಿಂಗಿನ್ಯಾಗ ಕೊಟ್ಟಾರ, ಪರೀಕ್ಷಾದಾಗ ಕೇಳಿದ್ರ ನೀನು ಇದನ್ನ ಬರೀತಿ, ಬರದ್ರ ಮಾರ್ಕ್ಸ್ ಕೊಡತಾರ. ಸುಳ್ಳಿಗೆ ಮಾರ್ಕ್ಸ್. ಇಡು ಆ ನೋಟ್ಸ್ ಇಲ್ಲಿ. ಸಾಗರ, ನೀನೂ ಆ ಫೋನ್ ಕೆಳಗಿಟ್ಟು ಬಾ, ಬಾಲ್ಕನಿ ಬಾಗಿಲಾ ಎಳಕೊಂಡು ಬಾ. ಒಳಗ ನಿಮ್ಮವ್ವ ಆಫೀಸ್ ಮೀಟಿಂಗಿಗೆ ಕುಂತಾಳ, ಈ ಅಜ್ಜಿ ದನಿ ಏರಿದ್ರ ಆಕಿಗೆ ತ್ರಾಸ. ಇವತ್ತು ಏರತೈತಿ, ಮೊದಲೇ ಹೇಳಿರತೀನಿ.

ಮಡ್ಡಿಪ್ಯಾಟಿ ನಾನು ಹುಟ್ಟಿದ ಊರು, ಅದು ನಿಮಗ ಗೊತ್ತೈತಿ. ಆದ್ರ ನೀವು ಕಾರಿನ್ಯಾಗ ಮಲಕ್ಕೊಂಡು ಹೋಗಿ ಮಲಕ್ಕೊಂಡು ಬಂದವ್ರು, ಊರು ಹೆಂಗೈತಿ ಅಂತ ನೋಡಿಲ್ಲ. ಇಲ್ಲಿ ಹೈದ್ರಾಬಾದಿನಿಂದ ಹೊರಟ್ರ ಮೊದಲ ತಾಸೆರಡು ತಾಸು ಎರಡೂ ಕಡೆ ಕರೇ ಮಣ್ಣು, ಹತ್ತಿ, ಜೋಳ, ಕಡ್ಲಿ. ಆಮ್ಯಾಲೆ ದಾರಿ ಏರಾಕ ಶುರು ಮಾಡತೈತಿ. ನಮ್ಮ ಕಾಲದ ಬಸ್ಸು ಆ ಏರಿನ್ಯಾಗ ಹೆಂಗ ತೇಕತಿತ್ತು ಅಂದ್ರ, ಗಂಡಮಕ್ಕಳು ಇಳದು ನಡಕೊಂಡು ಬರತಿದ್ರು, ಬಸ್ಸಿಗಿಂತ ಮೊದಲು ಮ್ಯಾಲೆ ಮುಟ್ಟಿ ಬೀಡಿ ಸೇದತಿದ್ರು. ಎಲ್ಲಿ ಕರೇ ಮಣ್ಣು ಮುಗದು ಕೆಂಪು ಮಣ್ಣು ಶುರು ಆಗತೈತೋ ಅಲ್ಲಿಂದ ನಮ್ಮೂರು. ಮಡ್ಡಿ ಅಂದ್ರ ಎತ್ತರದ ಗಟ್ಟಿ ನೆಲ. ಮ್ಯಾಲೆ ಹೋದ್ರ ಮತ್ತ ಸಪಾಟು, ಮೇಜಿನ ಮ್ಯಾಲೆ ನಿಂತಂಗ. ಅಲ್ಲಿನ ಕೆಂಪು ಕಲ್ಲು ಹೆಂಗೈತಿ ಗೊತ್ತೇನು, ನೆಲದಾಗ ಇರೋತನ ಮೆತ್ತಗ, ಕೊಡಲಿಲೆ ಕಡದು ಇಟ್ಟಂಗಿ ಮಾಡಬಹುದು. ಒಂದು ಬ್ಯಾಸಗಿ ಬಿಸಲಿಗೆ ಬಿದ್ದರ ಕಬ್ಬಿಣ. ಮೈತುಂಬ ತೂತು ಆ ಕಲ್ಲಿಗೆ. ಮಳಿ ಬಿದ್ದದ್ದು ನಿಲ್ಲೂದಿಲ್ಲ, ಜರಡಿಗೆ ಸುರುವಿದಂಗ ಕೆಳಗ ಇಳದು ಹೋಗತೈತಿ. ಕೆರಿ ಕಟ್ಟಿದ್ರ ಕೆರಿ ನಿಲ್ಲೂದಿಲ್ಲ. ನಿನ್ನ ನೋಟ್ಸಿನವ ಮ್ಯಾಲೆ ನಿಂತು ನೋಡ್ಯಾನ, ಕೆರಿ ಕಾಣಲಿಲ್ಲ, ನೀರಿಲ್ಲ ಅಂತ ಬರದಾನ. ನೀರು ಕೆಳಗಿತ್ತು. ಭಾಳ ಇತ್ತು.

ಅದಕ್ಕ ಹಿಂದಿನ ಕಾಲದವ್ರು, ಯಾವ ಸುಲ್ತಾನನ ಕಾಲದಾಗೋ ಏನೋ, ನೆಲದ ಕೆಳಗ ಸುರಂಗ ಕೊರದಿದ್ರು. ಊರ ದಕ್ಷಿಣಕ್ಕ ಒಂದು ದಿಬ್ಬ, ಅಲ್ಲಿ ಒಂದು ಆಳದ ಬಾವಿ, ಅದಕ್ಕ ತಾಯಿಬಾವಿ ಅಂತಿದ್ವಿ. ಆ ಬಾವಿಯ ತಳದಿಂದ ಸುರಂಗ ಶುರು ಆಗಿ, ಸ್ವಲ್ಪ ಸ್ವಲ್ಪ ಇಳಿಜಾರು ಹಿಡಕೊಂಡು, ನಮ್ಮ ಪ್ಯಾಟ್ಯಾಗ ಬಂದು ಬಾಯಿ ತೆರೀತಿತ್ತು. ಪಂಪಿಲ್ಲ, ಎತ್ತಿಲ್ಲ, ಏನಿಲ್ಲ, ನೀರು ತಾನೇ ನಡಕೊಂಡು ಬಂದು ಕಲ್ಲಿನ ತೊಟ್ಟ್ಯಾಗ ಬೀಳತಿತ್ತು. ನಡುವ ಅಲ್ಲಲ್ಲೆ ಮ್ಯಾಲಿಂದ ಕಿಂಡಿ ಕೊರದಿದ್ರು, ಒಳಗ ಇಳದು ಹೂಳು ತಗೀಲಿ ಅಂತ, ಗಾಳಿ ಆಡಲಿ ಅಂತ. ಆ ತೊಟ್ಟಿಯ ಸುತ್ತನ ನಮ್ಮ ಪ್ಯಾಟಿ. ಯಾಕಂದ್ರ ನಮ್ಮ ಕೆಂಪು ಮಣ್ಣಿಗೆ ಹಸಿ ಅಲ್ಲ, ಅಂದ್ರ ಹಸಿ ಶುಂಠಿ, ಭಾಳ ಛಲೋ ಬರತಿತ್ತು, ಬೇರಿಗೆ ನೀರು ನಿಲ್ಲೂದಿಲ್ಲಲ್ಲ, ಕೊಳೀತಿರಲಿಲ್ಲ. ಅಲ್ಲ, ಅರಿಶಿಣ, ಆಲೂಗಡ್ಡಿ. ಆದ್ರ ಕೆಂಪು ಮಣ್ಣು ಹಿಡದ ಅಲ್ಲ ಯಾರು ತಗೋತಾರ? ತೊಳೀಬೇಕು. ಸುತ್ತ ಹಳ್ಳಿಯವ್ರೆಲ್ಲ ಬಂಡ್ಯಾಗ ಹೇರಿಕೊಂಡು ಬಂದು ನಮ್ಮ ತೊಟ್ಟಿ ಮುಂದ ಇಳಸತಿದ್ರು, ನಾವು ಹೆಂಗಸರು ಬುಟ್ಟ್ಯಾಗ ಹಾಕಿ ಕಾಲಿಲೆ ತುಳದು ಕೈಲೆ ತಿಕ್ಕಿ ತೊಳೀತಿದ್ವಿ. ಇಲ್ಲಿನ ಬೇಗಂ ಬಜಾರ್‌ದ ಸೇಠಗಳು ಚೀಲಾ ಬಿಚ್ಚಿ, ಮೂಗಿಗೆ ಹಿಡದು, "ಮಡ್ಡಿಪ್ಯಾಟಿ ಮಾಲ್" ಅಂತ ಬ್ಯಾರೆ ಇಡತಿದ್ರು. ಕೈ ಸೀಳಿರತಿದ್ವು, ಸೀಳಿನ್ಯಾಗ ಅಲ್ಲದ ರಸ ಇಳದು ಉರಿ ಅಂದ್ರ ಉರಿ. ಊಟ ಮಾಡುವಾಗ ಸಾರಿಗೆ ಖಾರ ಬ್ಯಾಡಾಗಿತ್ತು, ಕೈಯಾಗೇ ಇರತಿತ್ತು. ನಗಬ್ಯಾಡ, ಖರೇ ಹೇಳಾಕತ್ತೀನಿ.

ನಮ್ಮ ಅಪ್ಪ ಆ ಸುರಂಗ ಕಾಯೋನು. ಅದು ಒಂದು ಕೆಲಸ. ಅವನ ಅಪ್ಪನೂ ಅದನ್ನ ಮಾಡಿದವ. ವರ್ಷಕ್ಕೊಮ್ಮೆ ಬ್ಯಾಸಗ್ಯಾಗ ನಾಕು ಮಂದಿ ಗಂಡಸರನ್ನ ಕರಕೊಂಡು ಇಳದು ಹೂಳು ತಗೀತಿದ್ದ, ಸಡಿಲಾದ ಕಡೆ ಜಾಲಿ ಗಿಡದ ಕಂಬ ಕೊಟ್ಟು ನಿಲ್ಲಸತಿದ್ದ. ಅದಕ್ಕ ಬದಲಿ ಪ್ಯಾಟಿಗೆ ಬಂದ ಪ್ರತಿ ಚೀಲದಿಂದ ಒಂದು ಮುಷ್ಟಿ ಅಲ್ಲ ಅವನಿಗೆ. ಅಷ್ಟ. ನಿಜಾಮರ ಕಾಲದಾಗ ದಫ್ತರದಾಗ ಅವನ ಹೆಸರು ಇತ್ತಂತ. ಆಮ್ಯಾಲೆ, ನಾನು ಇನ್ನೂ ಸಾಲೀಗೆ ಹೋಗಾಕತ್ತಿದ್ದೆ, ಮೂರನೇತ್ತಾ... ಅಲ್ಲ, ನಾಕನೇತ್ತಾ ಇರಬೇಕು, ರಾಜ್ಯಗಳನ್ನ ಹೊಸದಾಗಿ ಹಂಚಿದ್ರು. ಯಾರೋ ಕಾಗದದ ಮ್ಯಾಲೆ ಗೆರಿ ಎಳದ್ರು. ಎಳದದ್ದಕ್ಕ ನನ್ನ ತಕರಾರಿಲ್ಲ, ಎಲ್ಲೋ ಒಂದು ಕಡೆ ಎಳೀಲೇಬೇಕು. ಆದ್ರ ಆ ಗೆರಿ ಹೆಂಗ ಬಿತ್ತಂದ್ರ, ತಾಯಿಬಾವಿ ಆ ಕನ್ನಡ ರಾಜ್ಯದಾಗ, ಪ್ಯಾಟಿ ಈ ತೆಲುಗು ರಾಜ್ಯದಾಗ. ತಲೀ ಒಬ್ಬರ ಮನ್ಯಾಗ, ಬಾಯಿ ಇನ್ನೊಬ್ಬರ ಮನ್ಯಾಗ. ಹೊಸ ಕಚೇರ್ಯಾಗ ಅಪ್ಪ ಹೋಗಿ ಕೇಳಿದ್ರ, ಸುರಂಗ ಕಾಯೋನು ಅನ್ನೋ ಕೆಲಸ ನಮ್ಮ ಪಟ್ಟ್ಯಾಗ ಇಲ್ಲ ಅಂದ್ರು. ಇಲ್ಲದ ಕೆಲಸಾನ ಅಪ್ಪ ಇನ್ನೂ ಎಂಟೊಂಬತ್ತು ವರ್ಷ ಮಾಡಿದ. ಮುಷ್ಟಿ ಅಲ್ಲ ಕೊಡೋದನ್ನ ಪ್ಯಾಟ್ಯಾಗ ಮಾಲು ಕೊಂಡು ಮಾರೋ ದಲಾಲಿ ಮಂದಿ ನಿಲ್ಲಿಸಿದ್ರು, ಸರಕಾರಕ್ಕ ಕೇಳು ಅಂದ್ರು. ಜೊತಿ ಇಳಿಯೋ ನಾಕು ಮಂದಿ ಬರೂದು ಬಿಟ್ರು. ಒಬ್ಬವನ ಎಷ್ಟು ಹೂಳು ಎತ್ತತಾನ?

ಆಗ ಬಂದ ಕಲ್ಲಿನ ಗುತ್ತೇದಾರ. ಅವನ ಹೆಸರು ನಾನು ಹೇಳೂದಿಲ್ಲ, ನನ್ನ ಬಾಯಾಗ ಬರೂದಿಲ್ಲ. ಗಡಿ ಹತ್ತಿರ, ಸುರಂಗದ ಮೂರನೇ ಕಿಂಡಿ ಪಕ್ಕ, ಕೆಂಪು ಕಲ್ಲು ಕಡಿಯೂದಕ್ಕ ನೆಲಾ ಹಿಡದ. ಕಲ್ಲು ಕಡದ್ರ ಅರ್ಧ ಕಲ್ಲು, ಅರ್ಧ ಪುಡಿ, ಚೂರು. ಆ ಪುಡಿ ಎಲ್ಲಿ ಹಾಕಬೇಕು? ದೂರ ಒಯ್ಯಾಕ ಬಂಡಿ ಬೇಕು, ಎತ್ತು ಬೇಕು. ಕಾಲಬುಡಕ್ಕ ಬಾಯಿ ತೆರಕೊಂಡು ಒಂದು ಕಿಂಡಿ ಐತಲ್ಲ. ಸುರುವಿದ. ದಿನಾ ಸುರುವಿದ. ಒಂದು ಮುಂಜಾನೆ ನಾವು ಬುಟ್ಟಿ ಹಿಡಕೊಂಡು ತೊಟ್ಟಿಗೆ ಹೋದ್ರ ಬೆರಳು ದಪ್ಪದ ನೀರು ಬರಾಕತ್ತಿತ್ತು. ಮೂರು ದಿನಕ್ಕ ಅದೂ ನಿಂತಿತು. ಆಗ ನನಗ ಹತ್ತೊಂಬತ್ತು. ಮದುವಿ ಗೊತ್ತಾಗಿತ್ತು, ನಿಮ್ಮ ಅಜ್ಜನ ಜೊತಿನ, ಅವರು ಆಗಲೇ ಇಲ್ಲಿ ಹೈದ್ರಾಬಾದಿನ್ಯಾಗ ಕೇಂದ್ರ ಸರಕಾರದ ಕಾರ್ಖಾನ್ಯಾಗ ಫಿಟ್ಟರ್ ಇದ್ರು. ಅದಿರಲಿ, ಅದು ಬ್ಯಾರೆ ಕತಿ.

ಅಪ್ಪ ಅರ್ಜಿ ಬರದು ಈ ಕಡೆ ಕಚೇರಿಗೆ ಹೋದ. ಬ್ಯಾಸಗಿ, ನಡಕೊಂಡು. ಅಲ್ಲಿ ಕುಂತ ಗುಮಾಸ್ತ ಅರ್ಜಿ ತಿರುವಿ ಮುರುವಿ ನೋಡಿ, "ಇದೇಂ ಭಾಷ? ತೆಲುಗುಲೋ ರಾಸಿ ತೀಸ್ಕುರಾ" ಅಂದ. ತೆಲುಗಿನಾಗ ಬರಸ್ಕೊಂಡು ಬಾ ಅಂತ. ಅಪ್ಪ ವಾಪಸ್ ಬಂದು, ಸಾಲೀ ಮಾಸ್ತರ ಕಡೆ ತೆಲುಗಿನಾಗ ಬರಸ್ಕೊಂಡು ಮತ್ತ ಹೋದ. ಈಗ ಗುಮಾಸ್ತ ಓದಿದ. ಓದಿ ಕೇಳಿದ, ಬಾವಿ ಎಲ್ಲೈತಿ? ಅಪ್ಪ ಅಂದ, ಆ ದಿಬ್ಬದ ಮ್ಯಾಲೈತಿ ಸಾಹೇಬ. "ಆ ದಿಬ್ಬ ಮಾದಿ ಕಾದು. ಅದಿ ಮಾ ಪನಿ ಕಾದು." ನಮ್ಮದಲ್ಲ, ನಮ್ಮ ಕೆಲಸ ಅಲ್ಲ. ಸರಿ, ಅಪ್ಪ ಆ ಕಡೆ ರಾಜ್ಯದ ಕಚೇರಿಗೆ ಹೋದ. ಅಲ್ಲಿ ಕನ್ನಡ. ಅಪ್ಪ ಮನೀಗೆ ಬಂದು ಹೇಳಿದ್ದು ಇನ್ನೂ ನನ್ನ ಕಿವ್ಯಾಗೈತಿ. "ಕುರ್ಚಿ ಕೊಟ್ರು, ಚಾ ಕೊಟ್ರು, ಕುಂದ್ರಿ ಯಜಮಾನ್ರ ಅಂದ್ರು, ನಾನು ಕೆಲಸ ಆತು ಅಂದ್ಕೊಂಡೆ." ಆಮ್ಯಾಲೆ ಆ ಸಾಹೇಬ ಚಸ್ಮಾ ಒರಸ್ಕೋತ, ಭಾಳ ಸಮಾಧಾನದಿಂದ, "ನೋಡ್ರಿ, ಬಾವಿ ನಮ್ಮದು ಹೌದು, ಇಲ್ಲ ಅನ್ನೂದಿಲ್ಲ. ಆದ್ರ ನಮ್ಮ ಬಾವ್ಯಾಗ ನೀರೈತಿ. ನಮಗೇನು ತಕರಾರಿಲ್ಲ. ನೀರು ಬಂದು ಮುಟ್ಟವಲ್ಲದು ಅಂದ್ರ ಮುಟ್ಟಿಸ್ಕೋಬೇಕಾದವ್ರು ನೋಡ್ಕೋಬೇಕು." ತಿಳೀತೇನು ನಿಮಗ? ನಮ್ಮ ಮಾತಿನ್ಯಾಗ ಹೇಳಿದ. ಮೊದಲಿನವ ಬ್ಯಾರೆ ಭಾಷಾದಾಗ ಹೊರಗ ಹಾಕಿದ, ಅದನ್ನ ತಡಕೋಬಹುದು. ಇವ ಚಾ ಕುಡಿಸಿ ಹೊರಗ ಹಾಕಿದ.

ಅಪ್ಪ ಮರುದಿನ ಒಬ್ಬವನ ಇಳದ. ನಾಕನೇ ಕಿಂಡಿಯಿಂದ ಇಳದು ಮೂರನೇ ಕಿಂಡಿ ಕಡೆ ಹೋಗಿ, ಪುಡಿ ಎಳೀತೀನಂತ ಹೋದ. ಅರ್ಧ ದಾರ್ಯಾಗ ಮ್ಯಾಲಿನ ಕಲ್ಲು ಕಳಚಿ ಎಡಗಾಲಿನ ಮ್ಯಾಲೆ ಬಿತ್ತು. ಹೊಡಮರಳಿ ತೆವಳಕೋತ ಬಂದಾನ. ಕಿಂಡಿ ಬುಡಕ್ಕ ಬಂದು ಕೂಗಿದ್ದನ್ನ ಆಡು ಮೇಯಿಸೋ ಮುದುಕಿ ಕೇಳಿ ಓಡಿ ಬಂದು ಹೇಳಿದಳು. ಹಗ್ಗ ಕಟ್ಟಿ ಎತ್ತಿದ್ವಿ. ಮೊಣಕಾಲಿನ ಕೆಳಗ ನುಗ್ಗಾಗಿತ್ತು. ನಾಟಿ ವೈದ್ಯ ಬಿದಿರಿನ ದಬ್ಬಿ ಕಟ್ಟಿದ, ಕೂಡಲಿಲ್ಲ. ಅವತ್ತಿನಿಂದ ಅಪ್ಪ ಹೊರಸಿನ ಮ್ಯಾಲೆ.

ಪ್ಯಾಟಿ ಬಂದ್ ಆತು. ಬಂಡಿ ಬರೂದು ನಿಂತ್ವು. ದಲಾಲಿ ಮಂದಿ ಕೆಳಗ ರೈಲ್ವೆ ಸ್ಟೇಷನ್ ಇರೋ ಊರಿಗೆ ಗೋಣಿಚೀಲಾ ತಗೊಂಡು ಹೋಗಿ, ನೀರು ಬರೋತನಕಷ್ಟ ಅಂದ್ರು. ನಾವು ತೊಳೆಯೋ ಹೆಂಗಸರು ಏನು ಮಾಡಬೇಕು? ಕುಡಿಯಾಕ ನೀರು ಮಡ್ಡಿ ಇಳದು ಹೊಳ್ಯಾಗಿಂದ ತರತಿದ್ವಿ, ಹೋಗಿ ಬರೂದ್ರಾಗ ಅರ್ಧ ದಿನ. ಒಂದೊತ್ತು ನುಚ್ಚು ಕುದಿಸೂದು, ಒಂದೊತ್ತು ಹಂಗ. ಅಲ್ಲದ ಪ್ಯಾಟ್ಯಾಗ ಹುಟ್ಟಿದ ನಮ್ಮ ಮನ್ಯಾಗ ಚಾಕ್ಕ ಹಾಕಾಕ ಅಲ್ಲ ಇರಲಿಲ್ಲ. ಚಾನೂ ಇರಲಿಲ್ಲ ಬಿಡು. ಎರಡನೇ ಬ್ಯಾಸಗಿ ಬಂತು. ಆಗ ಒಂದಿನ ಖೈರುನ್ ಚಾಚಿ ನಮ್ಮ ಕಟ್ಟಿಗೆ ಬಂದು ಕುಂತಳು. ಖೈರುನ್ ಚಾಚಿ ಅಂದ್ರ ತೊಳೆಯೋ ಹೆಂಗಸರಿಗೆಲ್ಲ ಮುಂದಾಳು, ನಮ್ಮವ್ವನ ಜೊತಿಯಾಕಿ, ಗಂಡ ಸತ್ತ ಮ್ಯಾಲೆ ಮೂರು ಮಕ್ಕಳನ್ನ ಆ ತೊಟ್ಟಿ ಮುಂದನ ಬೆಳೆಸಿದಾಕಿ. ಬಂದಾಕಿ ಅಪ್ಪನ್ನ ನೋಡಿ, "ಭಾಯಿ, ನೀ ಹೊರಸಿನ ಮ್ಯಾಲೆ ಕುಂತು ದಾರಿ ಹೇಳು, ನಾವು ಇಳೀತೀವಿ" ಅಂದಳು. ಅಪ್ಪ ಹೌಹಾರಿದ. "ಹೆಂಗಸರು ಇಳದಿಲ್ಲ ಅದ್ರಾಗ, ಯಾವ ಕಾಲಕ್ಕೂ ಇಳದಿಲ್ಲ. ನೀರು ಮುನಿತೈತಿ." ನಮ್ಮವ್ವ ಒಲಿ ಮುಂದ ಕುಂತಾಕಿ ತಿರುಗಿ ಸುದ್ದಾ ನೋಡಲಿಲ್ಲ. "ಮುನದು ಎಲ್ಲಿ ಹೋಗತೈತಿ? ಹೋಗೋದು ಹೋಗೇತಿ ಆಗಲೇ" ಅಂದಳು. ಅಪ್ಪ ಹೊರಸಿನ ಮ್ಯಾಲೆ ಎದ್ದು ಕುಂತ. ಆಮ್ಯಾಲೆ ಅಂವನ, "ಎಣ್ಣಿ ದೀಪಾ ಹಿಡಕೊಂಡು ಇಳೀರಿ, ದೀಪ ಸಣ್ಣಾದ್ರ ಗಾಳಿ ಇಲ್ಲಂತ ತಿಳಕೊಂಡು ಹೊರಗ ಬರ್ರಿ. ಎರಡು ಮಾರು ಹೋದ್ಮ್ಯಾಲೆ ಒಂದು ಜಾಲಿ ಕಂಬ. ಮರೀಬ್ಯಾಡ್ರಿ" ಅಂದ.

ಹನ್ನೊಂದು ಮಂದಿ ಕೆಲಸಕ್ಕ ಹತ್ತಿದ್ವಿ. ನಾನು ಎಲ್ಲಾರಿಗಿಂತ ಸಣ್ಣಾಕಿ, ತೆಳ್ಳಗಿದ್ದೆ, ಅದಕ್ಕ ಮುಂದ ನನ್ನ ಹಾಕತಿದ್ರು, ನನ್ನ ಬೆನ್ನಿಗೆ ಖೈರುನ್ ಚಾಚಿ. ಬಗ್ಗಿ ನಡೀಬೇಕು, ಕೆಲವು ಕಡೆ ಮೊಣಕಾಲಮ್ಯಾಲೆ. ಅಲ್ಲ ತೊಳೆಯೋ ಬುಟ್ಟ್ಯಾಗನ ಪುಡಿ ತುಂಬಿ ಹಿಂದಿನಾಕಿಗೆ ಕೊಡೂದು, ಆಕಿ ತನ್ನ ಹಿಂದಿನಾಕಿಗೆ, ಕಿಂಡ್ಯಾಗ ಹಗ್ಗ ಕಟ್ಟಿ ಮ್ಯಾಲೆ ಎಳೆಯೂದು. ಮ್ಯಾಲೆ ನಮ್ಮವ್ವ. ಆಕಿ ಏನು ಮಾಡಿದಳು ಗೊತ್ತೇನು? ಎಳದ ಪುಡೀನೆಲ್ಲ ಒಯ್ದು ಗುತ್ತೇದಾರನ ಲಾರಿ ಬರೋ ದಾರ್ಯಾಗ ಸುರುವಿದಳು. ಎದಿಮಟ ಗುಡ್ಡಿ ಆತು. ಅಂವ ಓಡಿ ಬಂದ. ನಾನು ಆಗ ಮ್ಯಾಲೆ ನೀರು ಕುಡಿಯಾಕ ಬಂದಿದ್ದೆ, ಕಣ್ಣಿಲೆ ನೋಡೀನಿ. "ಯಾರ ಹುಕುಂ ಮ್ಯಾಲೆ ಮಾಡಾಕತ್ತೀರಿ? ಈ ನೆಲಾ ನಾನು ಗುತ್ತಿಗಿ ಹಿಡದೀನಿ." ನಮ್ಮವ್ವ ಬುಟ್ಟಿ ಕೆಳಗ ಸುದ್ದಾ ಇಡಲಿಲ್ಲ. "ಮ್ಯಾಲಿನ ಕಲ್ಲು ಹಿಡದೀರಿ, ಕೆಳಗಿನ ನೀರು ಹಿಡದಿಲ್ಲ. ಇದು ನಿಮ್ಮ ಮಾಲು, ನಿಮಗ ವಾಪಸ್ ಕೊಡಾಕತ್ತೀವಿ, ತಗೋರಿ." ಅಂವ ಪೊಲೀಸರನ್ನ ಕರಸತೀನಿ ಅಂದ. ಅವ್ವ ಕೇಳಿದಳು, "ಯಾವ ರಾಜ್ಯದವರನ್ನ?" ಅಂವ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ ಹೊಳ್ಳಿ ಹೋದ. ಅವತ್ತಿನಿಂದ ಕಿಂಡಿಗೆ ಸುರುವೂದು ನಿಂತಿತು, ಲಾರಿನೂ ನಿಂತಿತು.

ಹನ್ನೆರಡನೇ ದಿನಾ ಏನೋ, ಮುಂದ ತೇವ ಹತ್ತಿತು. ಪುಡಿ ಒದ್ದಿ ಆಗಿತ್ತು, ಸಂದ್ಯಾಗಿಂದ ನೀರು ಜಿನುಗತಿತ್ತು. ನನಗ ಎಷ್ಟು ಸಂತೋಷ ಅಂದ್ರ, ಆ ರಾಡಿ ನೀರನ್ನ ಬೊಗಸಿಲೆ ಹಿಡದು ಚಾಚಿ ಮಾರಿಗೆ ಗೊಜ್ಜಿದೆ. ಆಕಿ ನಗಾಕತ್ತಿದ್ದಳು. ಅಷ್ಟರಾಗ ಹಿಂದ ಧಡ್ ಅಂತ ಸಪ್ಪಳಾತು. ಅಪ್ಪನ ಕಾಲಿನ ಮ್ಯಾಲೆ ಬಿದ್ದಿತ್ತಲ್ಲ, ಅದೇ ಜಾಗಾ, ಮ್ಯಾಲಿನ ಕಲ್ಲು ಕುಸದಿತ್ತು. ಕಂಬ ಕೊಟ್ಟಿದ್ವಿ, ಕಂಬಾನ ಮುರದಿತ್ತು. ಬಾಕಿ ಎಲ್ಲಾರೂ ಆಚೆ ಕಡೆ, ನಾವಿಬ್ಬರ ಈಚೆ ಕಡೆ. ಮುಂದ ಗುತ್ತೇದಾರನ ಪುಡಿ, ಹಿಂದ ಕುಸದ ಕಲ್ಲು, ನಡುವ ನಾವು, ಈ ಬಾಲ್ಕನಿಗಿಂತ ಸಣ್ಣ ಜಾಗಾ. ಜಿನುಗೋ ನೀರಿಗೆ ಹೋಗಾಕ ದಾರಿಲ್ಲ. ಪಾದ ಮುಚ್ಚಿತು. ಹಿಮ್ಮಡದ ಮ್ಯಾಲೆ ಬಂತು. ದೀಪ ಸಣ್ಣಾಗಾಕತ್ತಿತು. ಚಾಚಿ ಊದಿ ಆರಿಸಿಬಿಟ್ಟಳು, "ಇದು ಸುದ್ದಾ ನಮ್ಮ ಗಾಳಿ ತಿಂತೈತಿ" ಅಂತ. ಕತ್ತಲ. ನೀವು ಕತ್ತಲ ನೋಡಿಲ್ಲ, ಇಲ್ಲಿ ಗಚ್ಚಿಬೌಲ್ಯಾಗ ಎಲ್ಲೈತಿ ಕತ್ತಲ? ನಾನು ಅಳಾಕ ಶುರು ಮಾಡಿದೆ. ಚಾಚಿ ನನ್ನ ಕಪಾಳಕ್ಕ ಒಂದು ಕೊಟ್ಟಳು, ಕತ್ತಲಾಗ ಹೆಂಗ ಗುರಿ ಹಿಡದಳೋ. "ಅತ್ತರ ಉಸುರು ಖರ್ಚಾಗತೈತಿ. ಬೈ. ಬೈದರ ಧೈರ್ಯ ಬರತೈತಿ. ಮೊದಲು ಯಾರನ್ನ ಬೈತೀ ಹೇಳು." ನಾನು ಗುತ್ತೇದಾರನ್ನ ಬೈದೆ. ಆಕಿ ಅಂದಳು, "ಅಂವ ಸಾಲಿನ್ಯಾಗ ಕಡೆಯವ. ಮೊದಲು ಚಾ ಕುಡಿಸಿದವನ್ನ ಬೈ." ಇಬ್ಬರೂ ಕೂಡಿ ಬೈದ್ವಿ ನೋಡ್ರಿ, ಗುಮಾಸ್ತನ್ನ, ಸಾಹೇಬನ್ನ, ದಲಾಲಿಗಳನ್ನ, ಹೆಸರು ಹಿಡದು, ಅವರ ನಡಿಗಿ ಹಿಡದು, ಮೀಸಿ ಹಿಡದು. ಬೈಕೋತ ಕೈಲೆ ಕಲ್ಲು ಕೀಳತಿದ್ವಿ. ನೀರು ಮೊಣಕಾಲು ದಾಟಿ ತೊಡೀಗೆ ಬಂತು. ತಣ್ಣಗ. ಆಚೆ ಕಡೆಯಿಂದ ಟಕ್ ಟಕ್ ಅಂತ ಸಪ್ಪಳ ಬರಾಕತ್ತಿತು. ನಮ್ಮವ್ವ ಇಳದಿದ್ದಳು, ಕಬ್ಬಿಣದ ಹಾರಿ ಹಿಡಕೊಂಡು. ನಾವು ಸೊಂಟದಮಟ ನೀರಿನ್ಯಾಗ ಇದ್ದಾಗ ಒಂದು ತೂತು ಬಿತ್ತು, ನೀರು ಆ ತೂತಿನ್ಯಾಗ ಹೊರಗ ನುಗ್ಗಿತು, ಅದ್ರ ಹಿಂದನ ನಾನು ಕೈ ಹಾಕಿದೆ. ಅವ್ವ ಹಿಡದಳು. ಆಕಿ ಕೈಯಾಗ ಎರಡು ಉಗುರು ಇರಲಿಲ್ಲ.

ಇನ್ನೊಂದು ವಾರಕ್ಕ ಪುಡಿ ಪೂರ್ತಿ ತಗದ್ವಿ. ನೀರು ಬಂತು. ಮೊದಲು ಕೆಂಪಗ, ರಕ್ತದಂಗ, ಆಮ್ಯಾಲೆ ತಿಳಿ. ಅಪ್ಪನ್ನ ಹೊರಸಿನ ಸಮೇತ ಹೊತ್ತು ತೊಟ್ಟಿ ಹತ್ತಿರ ಇಟ್ವಿ, ಅಂವ ಮಾರಿ ತೊಳಕೊಂಡ, ಎರಡು ಸಲ ತೊಳಕೊಂಡ, ಯಾಕಂದ್ರ ಅಳತಿದ್ದ. ಮುಗೀತು ಅಂದ್ಕೊಂಡ್ರೇನು? ಅಲ್ಲಿಂದ ಶುರು ನನ್ನ ಸಿಟ್ಟು. ಹದಿನೈದು ದಿನಕ್ಕ ಜೀಪಿನ್ಯಾಗ ದೊಡ್ಡ ಸಾಹೇಬ ಬಂದ, ಹಿಂದ ಪುಢಾರಿ ಬಂದ, ಅವನ ಹಿಂದ ಗುತ್ತೇದಾರ ಬಿಳೀ ಅಂಗಿ ಹಾಕ್ಕೊಂಡು ಬಂದ. ಪೆಂಡಾಲ್ ಹಾಕಿದ್ರು. ಭಾಷಣ ಮಾಡಿದ್ರು. ಗುತ್ತೇದಾರ ತನ್ನ ಖರ್ಚಿನ್ಯಾಗ ಕೂಲಿ ಹಚ್ಚಿ ಸುರಂಗ ತಗಸಿದ ಅಂತ ಶಾಲು ಹೊದಿಸಿದ್ರು. ತೊಟ್ಟಿ ಗ್ವಾಡಿಗೆ ಕಲ್ಲು ಕೂಡಿಸಿದ್ರು, ಕಲ್ಲಿನ ಮ್ಯಾಲೆ ಅವನ ಹೆಸರು. ಆ ಕಲ್ಲೂ ಅವನ ಖಣಿಯಿಂದ ಬಂದದ್ದ. ನಾವು ಹನ್ನೊಂದು ಮಂದಿ ಹಿಂದ ನಿಂತಿದ್ವಿ, ಕೈಗೆ ಅರಿಶಿಣ ಎಣ್ಣಿ ಹಚ್ಚಿ ಬಟ್ಟಿ ಸುತ್ತಿಕೊಂಡು. ನಾನು ಒದರಾಕ ಬಾಯಿ ತಗದೆ. ಅವ್ವ ನನ್ನ ರಟ್ಟಿ ಹಿಡದು, "ಬಿಡು, ನೀರು ಬಂತಲ್ಲ. ಹೆಸರು ತಗೊಂಡು ಏನು ಕುಡೀತೀಯೇನು?" ಅಂದಳು. ನಾನು ಬಾಯಿ ಮುಚ್ಚಿದೆ. ನಮ್ಮವ್ವನಂಥ ಹೆಂಗಸನ್ನ ನಾನು ಮತ್ತ ನೋಡಿಲ್ಲ, ಆದ್ರ ಆ ಒಂದು ಮಾತಿಗೆ ಆಕಿ ಮ್ಯಾಲೂ ನನಗ ಸಿಟ್ಟೈತಿ. ಇವತ್ತಿಗೂ.

ಮತ್ತ ಪ್ಯಾಟಿ? ಬರಲಿಲ್ಲ. ಕೇಳಿಸ್ಕೋ ಪೂರ್ವಿ, ಇಲ್ಲೈತಿ ನಿನ್ನ ಪ್ರಶ್ನೆಗೆ ಉತ್ತರ. ನಾವು ಕೆಳಗ ಸ್ಟೇಷನ್ ಊರಿಗೆ ಹೋಗಿ ದಲಾಲಿಗಳಿಗೆ ಹೇಳಿದ್ವಿ, ನೀರು ಬಂದೇತಿ, ನಡೀರಿ ಮತ್ತ. ಅವರೊಳಗ ಹಿರಿಯವ, ಅಪ್ಪನ ಮುಷ್ಟಿ ಅಲ್ಲ ನಿಲ್ಲಿಸಿದವ, ಎಲಿ ಅಡಿಕಿ ಹಾಕ್ಕೋತ ಅಂದ, "ಇಲ್ಲಿ ರೈಲೈತಿ, ಗೋದಾಮ ಕಟ್ಟೀವಿ. ಮಾಲು ತಾನೇ ಇಳಕೊಂಡು ಬರತೈತಿ. ನಾವ್ಯಾಕ ಏರು ಹತ್ತಬೇಕವ್ವಾ?" ನಾಕೈದು ಮಂದಿ ಗಾದಿ ಮ್ಯಾಲೆ ಕುಂತು ತೀರ್ಮಾನ ಮಾಡಿದ್ರು, ಒಂದು ಊರು ಮುಗೀತು. ರೈತರು ಅಲ್ಲ ಬೆಳಿಯೂದು ಬಿಡಲಿಲ್ಲ, ಇವತ್ತಿಗೂ ಬೆಳೀತಾರ. ಹೇರಿಕೊಂಡು ಕೆಳಗ ಹೋಗತಾರ. ನಮ್ಮ ತೊಟ್ಟ್ಯಾಗ ನೀರು ತುಂಬಿ ಹರದು ಚರಂಡಿಗೆ ಹೋಗತಿತ್ತು, ತೊಳೆಯಾಕ ಒಂದು ಬೇರು ಇರಲಿಲ್ಲ. ಆಗ ಮಂದಿ ಊರು ಬಿಟ್ರು. ನೀರಿನ ಸಪ್ಪಳ ಕೇಳಕೋತ ಬಿಟ್ರು. ಈಗ ಹೇಳು, ನೀರಿನ ಅಭಾವ ಅಂತ ಬರೀತಿಯೇನು?

ನಾನು ಮದುವಿ ಆಗಿ ಇಲ್ಲಿಗೆ ಬಂದೆ. ಮೂರು ವರ್ಷದ ಮ್ಯಾಲೆ, ನಿಮ್ಮವ್ವ ಹೊಟ್ಟ್ಯಾಗಿದ್ದಳು... ಅಲ್ಲ, ನಿಮ್ಮ ಮಾಮಾ ಇದ್ದ, ಬೇಗಂ ಬಜಾರಿಗೆ ಮಸಾಲಿ ತರಾಕ ಹೋಗಿದ್ದೆ. ಒಂದು ಅಂಗಡಿ ಮುಂದ, ಗಟಾರದ ದಂಡಿಗೆ, ಒಬ್ಬಾಕಿ ಕುಂತು ಹಸಿ ಅಲ್ಲದ ಮಣ್ಣು ತಿಕ್ಕಾಕತ್ತಿದ್ದಳು. ಒಂದು ಬಕೀಟು ನೀರು, ಅದೂ ರಾಡಿ ಆಗಿ ಕೆಂಪಾಗಿತ್ತು, ಅದ್ರಾಗನ ಅದ್ದಿ ಅದ್ದಿ ತಗೀತಿದ್ದಳು. ಮಣ್ಣಿನ ಬಣ್ಣ ನೋಡಿ ನಿಂತೆ. ಮಾರಿ ಎತ್ತಿದಳು. ಖೈರುನ್ ಚಾಚಿ. ನಾನು ಅಲ್ಲೇ ಆಕಿ ಪಕ್ಕ ನೆಲಕ್ಕ ಕುಂತೆ. ಆಕಿ ನನ್ನ ಹೊಟ್ಟಿ ನೋಡಿ, "ಎಷ್ಟನೇ ತಿಂಗಳು?" ಅಂತ ಕೇಳಿದಳು. ಏಳು ಅಂದೆ. "ಹಂಗಾದ್ರ ಕೆಳಗ ಕುಂದ್ರಬ್ಯಾಡ, ಏಳು" ಅಂತ ತನ್ನ ಗೋಣಿತಟ್ಟು ನನ್ನ ಕೆಳಗ ಸರಿಸಿದಳು. ಸೇಠ ಒಳಗಿಂದ, "ಏ ಬುಡ್ಢಿ, ಜಲ್ದಿ ಕರ್" ಅಂದ, ಮುದುಕಿ ಲಗೂ ಮಾಡು ಅಂತ. ಸುರಂಗದಾಗ ನನಗ ಬೈಯಾಕ ಕಲಿಸಿದ ಆ ಹೆಂಗಸು, ಅವತ್ತು ಬೈಲಿಲ್ಲ. ತಲೀ ಬಗ್ಗಿಸಿ ತಿಕ್ಕಿದಳು. ಆಮ್ಯಾಲೆ ತಿಂಗಳಿಗೊಮ್ಮೆ ಹೋಗತಿದ್ದೆ, ರೊಟ್ಟಿ ಕಟ್ಟಿಕೊಂಡು, ಶೇಂಗಾ ಹಿಂಡಿ ಒಯ್ಯತಿದ್ದೆ. ಒಂದು ಸಲ ಹೋದಾಗ ಆ ಜಾಗಾದಾಗ ಬ್ಯಾರೆ ಯಾರೋ ಕುಂತಿದ್ರು. ಸೇಠಗ ಕೇಳಿದ್ರ, ಆಕಿ ತೀರಿ ಹೋಗಿ ಎಂಟು ದಿನಾತು ಅಂದ. ಹೆಸರು ಏನಿತ್ತು ಆಕೀದು ಅಂತ ನನಗ ತಿರುಗಿ ಕೇಳಿದ. ಎಷ್ಟೋ ವರ್ಷ ದುಡದಾಳ ಅವನ ಬಾಗಲಾಗ.

ಹೋದ ವರ್ಷ ನಿಮ್ಮಪ್ಪ ನನ್ನನ್ನ ಊರಿಗೆ ಕರಕೊಂಡು ಹೋಗಿದ್ನಲ್ಲ, ನೀವು ಕಾರಿನ್ಯಾಗ ಕುಂತಿದ್ರಿ, ಬಿಸಲು ಅಂತ ಇಳೀಲಿಲ್ಲ. ಸುರಂಗಕ್ಕ ಈಗ ಕಬ್ಬಿಣದ ಗೇಟು ಹಾಕ್ಯಾರ, ಟಿಕೀಟು ಇಟ್ಟಾರ, ಫೋಟೋ ಹೊಡಕೊಳ್ಳಾಕ ಮಂದಿ ಬರತಾರ. ಗ್ವಾಡಿ ಕಲ್ಲಿಗೆ ಹೊಸದಾಗಿ ಬಂಗಾರದ ಬಣ್ಣ ಬಳದಾರ, ಗುತ್ತೇದಾರನ ಹೆಸರು ಫಳಫಳ ಹೊಳೀತೈತಿ, ಪಕ್ಕ ಒಂದು ಬೋರ್ಡು, ಸುಲ್ತಾನನ ಹೆಸರು, ಈ ಪುಣ್ಯಾತ್ಮ ಉದ್ಧಾರ ಮಾಡಿದ ಅಂತ. ಗೇಟಿನ ಮುಂದ ಕುಂತವಗ ಕೇಳಿದೆ, ಹನ್ನೊಂದು ಹೆಂಗಸರು ತಗದ್ರು ಇದನ್ನ, ಅವರ ಹೆಸರು ಎಲ್ಲೈತಿ? ಪಾಪ, ಅಂವ ಛಲೋ ಮನುಷ್ಯಾ, ಎದ್ದು ನಿಂತು ಮಾತಾಡಿದ. "ಅಮ್ಮಾ, ಏದೈನಾ ಕಾಗಿತಂ ಉಂದಾ?" ಕಾಗದ ಏನಾರ ಐತೇನು ಅಂತ. ಕಾಗದ ಕೊಟ್ಟರ ಮ್ಯಾಲಿನವ್ರಿಗೆ ಕಳಸತೀನಿ ಅಂದ. ನಾನು ಈ ಕೈ ತೋರಿಸಿದೆ. ನೋಡಿದ. ಪಾಪ, ಏನು ಮಾಡಬೇಕು ಅಂವ, ಕೈ ಕಳಸಾಕ ಬರೂದಿಲ್ಲ. ಹೆಸರಾರ ಹೇಳಮ್ಮಾ ಬರಕೋತೀನಿ ಅಂದ. ನಾನು ಹೇಳಾಕ ಶುರು ಮಾಡಿದೆ. ಅವ್ವ, ಖೈರುನ್ ಚಾಚಿ, ನಾನು, ಆಮ್ಯಾಲೆ ಶಾಂತಾ, ಬಸಮ್ಮ, ಹಲೀಮಾ, ಗೌರವ್ವ. ಏಳು. ಮುಂದ ಬರಲಿಲ್ಲ. ಅಲ್ಲೇ ಗೇಟು ಹಿಡಕೊಂಡು ನಿಂತೆ, ಎಷ್ಟು ನೆನಪು ಮಾಡಿದ್ರೂ ಬರಲಿಲ್ಲ. ಎಲ್ಲಾರ ಮಾರಿ ಕಣ್ಮುಂದ ಐತಿ, ಒಬ್ಬಾಕಿ ಮೂಗಿನ್ಯಾಗಿನ ನತ್ತು ಸುದ್ದಾ ನೆನಪೈತಿ. ನಾಕು ಹೆಸರು ಹೋಗಿಬಿಟ್ಟಾವು. ಗುತ್ತೇದಾರ ಕದ್ದದ್ದು ಒಂದು ಕಲ್ಲಷ್ಟ. ಆ ನಾಕು ಹೆಸರು ಕಳಕೊಂಡಾಕಿ ನಾನು. ಆ ಕಾಲಕ್ಕ ಸುರಂಗದಿಂದ ಮನೀಗೆ ಬಂದ ಮ್ಯಾಲೆ ಕುಂತು ಬರದು ಇಡಬಹುದಿತ್ತು, ಅಕ್ಷರ ಬರತಿತ್ತು ನನಗ, ನಾಕನೇತ್ತಾ ಕಲತಿದ್ದೆ. ನೀರು ಬಂತಲ್ಲ ಅಂತ ಸುಮ್ಮನ ಕುಂತೆ.

ಅದಕ್ಕ ಹೇಳತೀನಿ, ದುಡದ ದಿನಾನ, ಕೈ ತೊಳಕೊಳ್ಳೋಕ್ಕಿಂತ ಮೊದಲು, ಯಾರ್ಯಾರು ದುಡದ್ವಿ ಅಂತ ಬರದು ಇಡ್ರಿ. ದೊಡ್ಡಸ್ತನಕ್ಕಲ್ಲ. ನೀವು ಬರೀಲಿಲ್ಲಂದ್ರ ಬ್ಯಾರೆಯವ್ರು ಬರೀತಾರ. ಏಳ್ರಿ ಈಗ, ಸಾರು ಆರಾಕತ್ತೇತಿ.